ಅಳತೆ ಮೊದಲು, ಬಿಡಿಭಾಗ ಆಮೇಲೆ

ಮಾನ್ಯ ಸಂಪಾದಕರೇ,

ನನ್ನದು 2003ರ ಮಾಡೆಲ್‌ನ ಸಣ್ಣ ಪೆಟ್ರೋಲ್ ಕಾರು. ಬೆಳಿಗ್ಗೆ ಮಲ್ಪೆಯ ಮನೆಯಿಂದ ಹೊರಡುವಾಗ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿದ್ದ ಇದು, ಆದಿಉಡುಪಿ ಸಂತೆಯ ಹತ್ತಿರ ನಿಲ್ಲಿಸಿ ತರಕಾರಿ ತರುವಷ್ಟರಲ್ಲಿ ‘ಟಕ್’ ಎಂದು ಒಂದೇ ಸದ್ದು ಮಾಡಿ ಸುಮ್ಮನಾಗುತ್ತಿತ್ತು. ಒಂದು ವಾರ ಹೀಗಾದರೆ ಮುಂದಿನ ಹದಿನೈದು ದಿನ ಏನೂ ಇಲ್ಲ. ಗ್ಯಾರೇಜಿಗೆ ಒಯ್ದ ದಿನವಂತೂ, ಡಾಕ್ಟರ ಬಾಗಿಲಲ್ಲಿ ಜ್ವರ ಇಳಿಯುವ ಮಗುವಿನಂತೆ, ಅದರಷ್ಟು ಸಾಧು ಕಾರು ಬೇರೊಂದಿರಲಿಲ್ಲ.

ಮೊದಲನೆಯ ಗ್ಯಾರೇಜಿನವರು ಬ್ಯಾಟರಿ ಬದಲಿಸಿ 4,600 ರೂಪಾಯಿ ಪಡೆದರು. ತಿಂಗಳ ಬಳಿಕ ಎರಡನೆಯವರು, ಲೈಟು ಪ್ರಖರವಾಗಿ ಉರಿಯುತ್ತಿರುವುದರಿಂದ ದೋಷ ಎಂಜಿನ್ನನ್ನು ಮೊದಲು ತಿರುಗಿಸಿ ಚಾಲೂ ಮಾಡುವ ಸೆಲ್ಫ್ ಮೋಟಾರಿನದ್ದೇ ಎಂದು ಅದನ್ನು ಬದಲಿಸಿ 3,800 ರೂಪಾಯಿ ಪಡೆದರು. ಎರಡೂ ಕಡೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹೊರಬರಲಿಲ್ಲ. ತೊಂದರೆ ಇದ್ದಲ್ಲಿಯೇ ಇತ್ತು.

ಕೊನೆಗೆ ಅದನ್ನು ಪತ್ತೆ ಮಾಡಿದವರು ಬಂದರಿನಲ್ಲಿ ಬೋಟುಗಳ ವಯರಿಂಗ್ ಮಾಡುವ ಪರಿಚಯದ ಯುವಕರೊಬ್ಬರು. ಕಾರು ಹಟ ಹಿಡಿದ ಹೊತ್ತಿನಲ್ಲಿಯೇ ಫೋನ್ ಮಾಡಿ ಎಂದು ಮೊದಲೇ ಹೇಳಿದ್ದ ಅವರು, ಒಂದು ದಿನ ನಿಂತಲ್ಲಿಗೇ ಬಂದು ಬ್ಯಾಟರಿ ಅಳೆದರು. 12.6 ವೋಲ್ಟ್, ಅಂದರೆ ಪೂರ್ತಿ ಚಾರ್ಜ್. ಬಳಿಕ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಮೈಗೂ ಹಿಡಿದು, ನ್ಯೂಟ್ರಲ್‌ನಲ್ಲಿಟ್ಟು ಕೀ ತಿರುಗಿಸಲು ನನಗೆ ಹೇಳಿದರು. ಅರ್ಧ ವೋಲ್ಟ್ ಕೂಡ ತೋರಿಸಬಾರದ ಜಾಗದಲ್ಲಿ ಎರಡಕ್ಕಿಂತ ಹೆಚ್ಚು ವೋಲ್ಟ್ ಕಾಣಿಸಿತು, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿಯಲ್ಲೇ ತಡೆ. ಗೇರ್‌ಬಾಕ್ಸಿನಿಂದ ಕಾರಿನ ಬಾಡಿಯತ್ತ ಹೋಗುವ, ಆ ಮರಳುದಾರಿಯಾದ ಅರ್ಥ್ ವಯರನ್ನು ಬಿಚ್ಚಿದಾಗ ಬೋಲ್ಟಿನ ಅಡಿಯಲ್ಲಿ ಹಸಿರು ಕಿಲುಬು ಕಟ್ಟಿತ್ತು. ಕವಚ ಸೀಳಿದರೆ ಒಳಗಿನ ತಾಮ್ರದ ಎಳೆಗಳು ಅರ್ಧಕ್ಕರ್ಧ ಉದುರಿದ್ದವು. ನಾಲ್ಕೈದು ಸಲ ಕೀ ತಿರುಗಿಸಿದ್ದಕ್ಕೇ ಆಕ್ಸಿಲರೇಟರ್ ಕೇಬಲ್ ಬೆಚ್ಚಗಾಗಿತ್ತು, ಏಕೆಂದರೆ ನೇರ ದಾರಿ ಮುಚ್ಚಿದಾಗ ಕರೆಂಟು ಅದರ ಮೂಲಕ ಮರಳಲು ಹೆಣಗುತ್ತಿತ್ತು. ಹೊಸ ವಯರಿಗೆ ತಗಲಿದ್ದು 280 ರೂಪಾಯಿ.

ಇದರಲ್ಲಿ ಯಾವ ಗುಟ್ಟೂ ಇಲ್ಲ. ಸಣ್ಣ ಕಾರಿನ ಸೆಲ್ಫ್ ಕೂಡ ತಿರುಗುವಾಗ ನೂರು ಆಂಪಿಯರ್‌ಗೆ ಕಡಿಮೆಯಿಲ್ಲದಷ್ಟು ಕರೆಂಟು ಎಳೆಯುತ್ತದೆ; ಆ ದಾರಿಯಲ್ಲಿ ಓಮ್‌ನ ನೂರನೇ ಒಂದು ಭಾಗದಷ್ಟು ತಡೆ ಇದ್ದರೂ ಒಂದು ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಹೆಡ್‌ಲೈಟಿಗೆ ಬೇಕಾಗುವುದು ಒಂದು ಬಲ್ಬಿಗೆ ಐದು ಆಂಪಿಯರ್ ಮಾತ್ರ, ಅದೂ ಬಾಡಿಯ ಮೂಲಕ ಮರಳುವುದರಿಂದ ಎಂಜಿನ್ನಿನ ಅರ್ಥ್ ಕೆಟ್ಟಿದ್ದರೂ ಲೈಟು ಮಂಕಾಗುವುದಿಲ್ಲ. ಎಂಜಿನ್ ಬಿಸಿಯಾದಾಗ ತಡೆ ಇನ್ನಷ್ಟು ಏರುತ್ತದೆ, ತಣಿದ ಮೇಲೆ ಅಥವಾ ರಸ್ತೆಯ ಕುಲುಕಾಟಕ್ಕೆ ವಯರು ಮತ್ತೆ ಕಚ್ಚಿಕೊಳ್ಳುತ್ತದೆ. ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಮಾತ್ರ ಪೆಟ್ರೋಲ್, ಸ್ಪಾರ್ಕ್‌ಗಳ ಕಡೆ ನೋಡಬೇಕು; ಆ ಹುಡುಕಾಟವೇ ಬೇರೆ.

ಮಂಗಳೂರಿನಿಂದ ಬೈಂದೂರಿನವರೆಗೆ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆಯಲ್ಲಿ ನಿಲ್ಲುವ ಹಳೆಯ ಕಾರುಗಳಿಗೆ ಈ ಕಿಲುಬು ಅಪರೂಪದ ರೋಗವಲ್ಲ. ಆದರೂ ಟರ್ಮಿನಲ್ ಮತ್ತು ಅರ್ಥ್ ನೋಡುವ ಮೊದಲೇ ಬಿಡಿಭಾಗಕ್ಕೆ ಕೈ ಹಾಕುವುದೇಕೆ? ತಪ್ಪು ಗ್ಯಾರೇಜಿನವರದ್ದು ಮಾತ್ರವೆಂದು ನಾನು ಹೇಳಲಾರೆ. ಹೊಸ ಬ್ಯಾಟರಿಗೆ ಮರುಮಾತಿಲ್ಲದೆ ಹಣ ಕೊಡುವ ನಾವು, ಅರ್ಧ ಗಂಟೆ ಅಳೆದು ನೋಡಿದ್ದಕ್ಕೆ 300 ರೂಪಾಯಿ ಕೇಳಿದರೆ ‘ಏನೂ ಮಾಡಲಿಲ್ಲವಲ್ಲ’ ಎನ್ನುತ್ತೇವೆ.

ಆದ್ದರಿಂದ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳ ಗ್ಯಾರೇಜು ಮಾಲೀಕರಲ್ಲಿ ನನ್ನ ವಿನಂತಿಯಿಷ್ಟೆ: ತಪಾಸಣೆಗೆ ಪ್ರತ್ಯೇಕ ದರ ಇಟ್ಟು, ಅದನ್ನು ಕಾಣುವಂತೆ ಬರೆದು ಹಾಕಿ, ಅಳತೆಯ ಅಂಕಿಗಳನ್ನು ಬಿಲ್ಲಿನಲ್ಲಿ ನಮೂದಿಸಿ, ಬದಲಿಸಿದ ಬಿಡಿಭಾಗವನ್ನು ಮಾಲೀಕರಿಗೆ ತೋರಿಸಿದ ಮೇಲೆಯೇ ವಿಲೇವಾರಿ ಮಾಡಿ. ನನ್ನ ಹಳೆಯ ಸೆಲ್ಫ್ ಮೋಟಾರನ್ನು ಕೇಳಲು ಹೋದಾಗ, ಅದು ಆಗಲೇ ಗುಜರಿಗೆ ಹೋಗಿತ್ತು.

– ನಿವೃತ್ತ ಅಧ್ಯಾಪಕ, ಮಲ್ಪೆ