ಪತ್ತೇದಾರಿ ಕಥೆ ಓದುವುದಕ್ಕೂ ಗೈಡ್ ಬೇಕಾ?

ಮಾನ್ಯ ಸಂಪಾದಕರೇ,

ಕಾಲೇಜು ಮಕ್ಕಳು ಮೂಲ ಪುಸ್ತಕ ಮುಟ್ಟುವುದೇ ಇಲ್ಲ ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬೇಸರ ಮಾಡಿಕೊಂಡಿದ್ದರು. ನಾನು ಇಂಗ್ಲಿಷ್ ಪಾಠ ಮಾಡುವವಳು. ಮಕ್ಕಳು ಯಾಕೆ ಮುಟ್ಟುವುದಿಲ್ಲ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಇಂಗ್ಲಿಷ್ ಕಾದಂಬರಿಕಾರ ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’ ವಜ್ರದ ಕಳವಿನ ಕಾದಂಬರಿ. ಅದಕ್ಕೊಂದು ಗೈಡ್ ಸಿಗುತ್ತದೆ. ಅದರ ಸಾರಾಂಶ ಶುರುವಾಗುವುದೇ ವಜ್ರ ತೆಗೆದವರ ಹೆಸರಿನಿಂದ! ಕಳ್ಳ ಯಾರು ಅಂತ ಮೊದಲೇ ಗೊತ್ತಾದ ಮೇಲೆ ಅಷ್ಟು ದಪ್ಪದ ಪುಸ್ತಕವನ್ನು ಯಾರು ಓದುತ್ತಾರೆ ಹೇಳಿ?

ವಿಕ್ಟೋರಿಯಾ ಕಾಲದ ಪತ್ತೇದಾರಿ ಕಥೆಗಳು ಪುಸ್ತಕವಾಗುವ ಮೊದಲು ಹೆಚ್ಚಾಗಿ ಪತ್ರಿಕೆಗಳಲ್ಲೇ ಬಂದಂಥವು. ‘ಮೂನ್‌ಸ್ಟೋನ್’ 1868ರ ಜನವರಿಯಿಂದ ಆಗಸ್ಟ್‌ವರೆಗೆ ಚಾರ್ಲ್ಸ್ ಡಿಕನ್ಸ್ ಸಂಪಾದಿಸುತ್ತಿದ್ದ ‘ಆಲ್ ದಿ ಇಯರ್ ರೌಂಡ್’ ವಾರಪತ್ರಿಕೆಯಲ್ಲಿ 32 ಕಂತುಗಳಾಗಿ ಬಂತು. ನಮ್ಮ ವಾರಪತ್ರಿಕೆಗಳ ಧಾರಾವಾಹಿಗೆ ಕಾದು ಕುಳಿತು, ಅಕ್ಕಪಕ್ಕದ ಮನೆಯವರ ಜೊತೆ ಕಿತ್ತಾಡಿಕೊಂಡು ಓದಿದವರಿಗೆ ಅದರ ರುಚಿ ಬಿಡಿಸಿ ಹೇಳಬೇಕಾಗಿಲ್ಲ. ಪಾಠವನ್ನೂ ಹಾಗೆಯೇ, ಕಂತು ಕಂತಾಗಿ ಮಾಡಬೇಕು ಅನ್ನುವುದು ನನ್ನ ವಾದ. ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ಕಾಸು ಖರ್ಚಿಲ್ಲದೆ ಸಿಗುತ್ತದೆ. ಬಕಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ‘ಡಿಕನ್ಸ್ ಜರ್ನಲ್ಸ್ ಆನ್‌ಲೈನ್’ನಲ್ಲಿ ಆ ವಾರಪತ್ರಿಕೆಯ ಪುಟಗಳು ಅಚ್ಚಾದ ಹಾಗೇ ಇವೆ. ಎರಡು ಕಾಲಮ್ಮು, ಒತ್ತೊತ್ತಾದ ಅಕ್ಷರ, ಒಂದು ಚಿತ್ರವೂ ಇಲ್ಲ. ಬರೀ ಕಥೆಯ ಬಲದಿಂದ ಓದುಗರನ್ನು ಮುಂದಿನ ವಾರದವರೆಗೆ ಹಿಡಿದಿಡಬೇಕಿತ್ತು. ಓದಲು ಹಗುರವಾದ ಪ್ರತಿ ಬೇಕು ಎಂದರೆ ಹಳೆಯ ಪುಸ್ತಕಗಳನ್ನು ಪುಕ್ಕಟೆ ಕೊಡುವ ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣ ಇದೆ. ಇಂಗ್ಲಿಷ್ ಓದಲು ತಡವರಿಸುವ ಮಕ್ಕಳಿಗೆ ಲಿಬ್ರಿವಾಕ್ಸ್‌ನಲ್ಲಿ ಸ್ವಯಂಸೇವಕರು ಓದಿದ ಧ್ವನಿಮುದ್ರಣ ಇದೆ. ಮೊಬೈಲ್‌ನಲ್ಲಿ ಕೇಳುತ್ತಾ ಪುಟದ ಮೇಲೆ ಕಣ್ಣಾಡಿಸಿದರೆ ಸಾಕು.

ಬೇರೆ ಕಾದಂಬರಿ ಬಿಟ್ಟು ಇದನ್ನೇ ಯಾಕೆ ಹಿಡಿದೆ ಎಂದರೆ, ಅದು ಶುರುವಾಗುವುದೇ ನಮ್ಮ ಶ್ರೀರಂಗಪಟ್ಟಣದಲ್ಲಿ. 1799ರ ಮೇ 4, ಕೋಟೆ ಬಿದ್ದ ದಿನ. ಲೂಟಿಯ ಗದ್ದಲದ ನಡುವೆ ಹರ್ನ್‌ಕ್ಯಾಸಲ್ ಎಂಬ ಇಂಗ್ಲಿಷ್ ಅಧಿಕಾರಿ ಆಯುಧದ ಕೋಣೆಯಲ್ಲಿ ನಿಂತಿದ್ದಾನೆ. ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ರಕ್ತ ತೊಟ್ಟಿಕ್ಕುವ ಕಠಾರಿ. ಕಠಾರಿಯ ಹಿಡಿಯ ತುದಿಯಲ್ಲಿ ಕೂರಿಸಿದ ಕಲ್ಲು ಪಂಜಿನ ಬೆಳಕಿಗೆ ಥಳ್ ಅನ್ನುತ್ತದೆ. ವಜ್ರವೂ ಹರ್ನ್‌ಕ್ಯಾಸಲ್ಲೂ ಕಟ್ಟುಕಥೆ. ಮುತ್ತಿಗೆ, ಲೂಟಿ ಮಾತ್ರ ನಿಜ. ಮಂಡ್ಯದ ಕಡೆಯ ಮಕ್ಕಳು ಆ ಕೋಟೆ ಗೋಡೆಯನ್ನೂ ಟಿಪ್ಪು ಬಿದ್ದ ಜಾಗವನ್ನೂ ಶಾಲಾ ಪ್ರವಾಸದಲ್ಲೇ ನೋಡಿರುತ್ತಾರೆ. ಇನ್ನೊಂದು ಮಾತು. ಇದು ಬಂದದ್ದು 1857ರ ದಂಗೆ ಆಗಿ 11 ವರ್ಷಕ್ಕೆ. ಹಿಂದೂಸ್ತಾನದವರೆಂದರೆ ಲಂಡನ್ ಪತ್ರಿಕೆಗಳು ಹಲ್ಲು ಕಡಿಯುತ್ತಿದ್ದ ಕಾಲ. ಅಂಥ ಹೊತ್ತಿನಲ್ಲಿ ಮೊದಲ ಕಳ್ಳ ಇಂಗ್ಲಿಷ್ ಅಧಿಕಾರಿ ಎಂದು ಬರೆದದ್ದು ಸಣ್ಣ ಮಾತಲ್ಲ.

ಪತ್ತೆ ಕೆಲಸ ಅಂದರೇನು ಎಂದು ಕಲಿಸಲು ಅದರ ಒಂದೇ ಒಂದು ದೃಶ್ಯ ಸಾಕು. ವಜ್ರ ಕಳೆದ ಮನೆಯಲ್ಲಿ ಹೊಸದಾಗಿ ಬಣ್ಣ ಬಳಿದ ಬಾಗಿಲೊಂದಿದೆ. ಅದರ ಮೇಲೆ ಬಟ್ಟೆ ತಾಗಿ ಬಣ್ಣ ಸ್ವಲ್ಪ ಕೆಟ್ಟಿದೆ. ಬೆಳಿಗ್ಗೆ 11ಕ್ಕೆ ಗುಂಪಾಗಿ ಬಂದ ಕೆಲಸದ ಹೆಂಗಸರ ಲಂಗ ತಾಗಿರಬೇಕು, ಅದೇನು ಮಹಾ ಎನ್ನುತ್ತಾನೆ ಊರಿನ ಪೊಲೀಸ್ ಅಧಿಕಾರಿ. ಲಂಡನ್ನಿನಿಂದ ಬಂದ ಸಾರ್ಜೆಂಟ್ ಕಫ್ ಲೆಕ್ಕ ಹಾಕುತ್ತಾನೆ. ಬಣ್ಣ ಬಳಿದು ಮುಗಿದದ್ದು ಹಿಂದಿನ ದಿನ ಮಧ್ಯಾಹ್ನ 3ಕ್ಕೆ. ಒಣಗಲು ಬೇಕಾದದ್ದು 12 ಗಂಟೆ. ಅಂದರೆ ಬೆಳಗಿನ ಜಾವ 3ಕ್ಕೇ ಒಣಗಿತ್ತು. 11ಕ್ಕೆ ಲಂಗ ತಾಗಿದರೆ ಏನೂ ಆಗುವುದಿಲ್ಲ! ಹಾಗಾದರೆ ರಾತ್ರಿ ಅಲ್ಲಿ ಓಡಾಡಿದ್ದು ಯಾರು, ಬಣ್ಣ ಮೆತ್ತಿದ ಆ ಬಟ್ಟೆ ಎಲ್ಲಿ? ಇಲ್ಲಿ ಪುಸ್ತಕ ಮುಚ್ಚಿ, ಮಕ್ಕಳನ್ನೇ ಕೇಳಬೇಕು. (ಉತ್ತರ ನಾನಂತೂ ಇಲ್ಲಿ ಬರೆಯುವುದಿಲ್ಲ.)

ಆ ಬಟ್ಟೆಯ ಎಳೆ ನಿಜವಾದ ಒಂದು ಪ್ರಕರಣದಿಂದ ಬಂದದ್ದು. 1860ರಲ್ಲಿ ವಿಲ್ಟ್‌ಶೈರ್‌ನ ರೋಡ್ ಹಿಲ್ ಹೌಸ್‌ನಲ್ಲಿ ಪುಟ್ಟ ಮಗುವೊಂದರ ಕೊಲೆಯಾಯಿತು. ಸ್ಕಾಟ್ಲೆಂಡ್ ಯಾರ್ಡ್‌ನ, ಅಂದರೆ ಲಂಡನ್ ಪೊಲೀಸಿನ, ಪತ್ತೇದಾರ ಜೊನಾಥನ್ ವಿಚರ್ ಕಾಣೆಯಾದ ರಾತ್ರಿ ಉಡುಪೊಂದರ ಜಾಡು ಹಿಡಿದು ಮನೆಯ 16 ವರ್ಷದ ಹುಡುಗಿಯ ಮೇಲೆ ಅನುಮಾನಪಟ್ಟ. ದೊಡ್ಡ ಮನೆಯ ಹುಡುಗಿಯ ಮೇಲೆ ಬೆರಳು ತೋರಿಸಿದ ಎಂದು ಪತ್ರಿಕೆಗಳು ಅವನನ್ನೇ ಉಗಿದವು. 1865ರಲ್ಲಿ ಅವಳೇ ತಪ್ಪೊಪ್ಪಿಕೊಂಡಳು. ಇಂಥ ಹಿನ್ನೆಲೆ ಬೇಕೆನ್ನುವ ಮೇಷ್ಟ್ರುಗಳಿಗೆ ಲಂಡನ್ನಿನ ಓಲ್ಡ್ ಬೈಲಿ ಕೋರ್ಟಿನ 1674ರಿಂದ 1913ರವರೆಗಿನ ವಿಚಾರಣೆಗಳ ವರದಿಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಜೇಬುಗಳ್ಳರ ಕೇಸುಗಳನ್ನು ಓದಿ, ಕಾದಂಬರಿಗಿಂತ ಚೆನ್ನಾಗಿವೆ. ಚಾರ್ಲ್ಸ್ ಬೂತ್ ಮಾಡಿಸಿದ ಲಂಡನ್ನಿನ ಬಡತನದ ನಕ್ಷೆಗಳೂ ಇವೆ. ಬೀದಿ ಬೀದಿಗೂ ಬಣ್ಣ ಹಚ್ಚಿದ್ದಾರೆ, ಸಿರಿವಂತರಿಗೆ ಹಳದಿ, ತೀರಾ ಕೆಳಗಿನವರಿಗೆ ಕಪ್ಪು. ಷರ್ಲಾಕ್ ಹೋಮ್ಸ್‌ನ ಗಾಡಿ ಯಾವ ಬೀದಿ ದಾಟಿತು ಎಂದು ಬೆರಳಿಟ್ಟು ತೋರಿಸಬಹುದು.

ಹೋಮ್ಸ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ಅಭಿಮಾನಿಗಳು ನನಗಿಂತ ಚೆನ್ನಾಗಿ ಬಲ್ಲರು. 1891ರಿಂದ ಆ ಕಥೆಗಳನ್ನು ಪ್ರಕಟಿಸಿದ ‘ಸ್ಟ್ರ್ಯಾಂಡ್’ ಮಾಸಪತ್ರಿಕೆಯ ಹಳೆಯ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಡ್ನಿ ಪ್ಯಾಜೆಟ್‌ನ ಚಿತ್ರಗಳ ಸಮೇತ ಇವೆ. ಹೋಮ್ಸ್‌ನ ತಲೆಗೆ ಆ ಪ್ರಸಿದ್ಧ ಬೇಟೆಗಾರರ ಟೋಪಿ ತೊಡಿಸಿದವನು ಪ್ಯಾಜೆಟ್ಟೇ. ‘ಸ್ಪೆಕಲ್ಡ್ ಬ್ಯಾಂಡ್’ ಕಥೆಯನ್ನು ತಪ್ಪದೆ ಓದಿಸಿ. ಅದರಲ್ಲಿ ಇಂಡಿಯಾದ ಹಾವೊಂದು ತಟ್ಟೆಯ ಹಾಲಿಗೆ ಪಳಗಿ, ಸಿಳ್ಳೆ ಕೇಳಿ ಹಗ್ಗ ಹತ್ತಿ ವಾಪಸ್ ಬರುತ್ತದೆ. ನಾಗರ ಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ಊರಿನ ಹುಡುಗರೂ ಇದಕ್ಕೆ ನಗುತ್ತಾರೆ. ನಗಲಿ, ಅಲ್ಲಿಂದಲೇ ಚರ್ಚೆ ಶುರುವಾಗುತ್ತದೆ. ‘ಸೈನ್ ಆಫ್ ಫೋರ್’ನಲ್ಲಿ ಅಂಡಮಾನಿನವನನ್ನು ಮೃಗದ ಹಾಗೆ ಚಿತ್ರಿಸಿರುವುದು ಮಾತ್ರ ನಗುವ ವಿಷಯವಲ್ಲ. ಅದನ್ನು ಹಾರಿಸಿಕೊಂಡು ಹೋಗಬಾರದು.

ಸಿಲಬಸ್ ಮುಗಿಸಲಿಕ್ಕೇ ಪುರುಸೊತ್ತಿಲ್ಲ, ಕಂತು ಓದಿಸುವುದೆಲ್ಲಿ ಬಂತು ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ವಾರಕ್ಕೆ ಎರಡು ಕಂತಿನಂತೆ ‘ಮೂನ್‌ಸ್ಟೋನ್’ 16 ವಾರದಲ್ಲಿ ಮುಗಿಯುತ್ತದೆ, ಹೆಚ್ಚುಕಮ್ಮಿ ಒಂದು ಸೆಮಿಸ್ಟರ್. ಕಥೆ ಹೇಳುವವರು ಹಲವರು ಇರುವುದರಿಂದ ಒಬ್ಬೊಬ್ಬರ ಭಾಗವನ್ನು ಒಂದೊಂದು ಗುಂಪಿಗೆ ಹಂಚಬಹುದು. ಮುಂದೆ ಓದಿದವರು ಬಾಯಿ ಬಿಡಬಾರದು ಎಂಬ ಷರತ್ತು ಹಾಕಿ. ಗೈಡನ್ನು ಮಾತ್ರ ಪರೀಕ್ಷೆ ಹತ್ತಿರ ಬರುವ ತನಕ ಸ್ಟಾಫ್ ರೂಮಿನ ಬೀರುವಿನಲ್ಲಿಟ್ಟು ಬೀಗ ಹಾಕಿ.

ಇತಿ,
ಒಬ್ಬ ಇಂಗ್ಲಿಷ್ ಉಪನ್ಯಾಸಕಿ, ಮಂಡ್ಯ