ತಡವರಿಕೆ ದೋಷವಲ್ಲ, ಮಿಣುಕು ದೋಷ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಸಿನಿಮಾ ಪುರವಣಿಯಲ್ಲಿ ಆರು ನಿಮಿಷದ ಸ್ಟಾಪ್ ಮೋಷನ್ (ಗೊಂಬೆಯನ್ನು ಚೂರು ಚೂರೇ ಸರಿಸಿ, ಒಂದೊಂದೇ ಫೋಟೊ ತೆಗೆದು, ಸಾಲಾಗಿ ಓಡಿಸುವ) ಕಿರುಚಿತ್ರವೊಂದರ ವಿಮರ್ಶೆ ಪ್ರಕಟವಾಗಿದೆ. ವಿಮರ್ಶಕರು ತಂಡದ ಶ್ರಮವನ್ನು ಮನಸಾರೆ ಹೊಗಳಿ, ಕೊನೆಗೆ ‘ಗೊಂಬೆಗಳ ಚಲನೆ ತಡವರಿಸುತ್ತದೆ, ಮೈಮೇಲೆ ಬೆರಳಚ್ಚು ಉಳಿದಿವೆ’ ಎಂದು ಎರಡು ಕೊರತೆ ಎತ್ತಿದ್ದಾರೆ. ಹೊಗಳಿಕೆಯೂ ತೆಗಳಿಕೆಯೂ ಗುರಿ ತಪ್ಪಿವೆ ಎಂಬುದು ನನ್ನ ತಕರಾರು.

ತಡವರಿಕೆಯ ಲೆಕ್ಕ ಹೀಗಿದೆ. ತೆರೆಯ ಮೇಲೆ ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ. ಗೊಂಬೆಯ ಒಂದು ಭಂಗಿಗೆ ಒಂದು ಫೋಟೊ ತೆಗೆದು ಅದನ್ನೇ ಎರಡು ಫ್ರೇಮ್ ಹಿಡಿದರೆ ಅದು ‘ಟೂಸ್’, ಪ್ರತಿ ಫ್ರೇಮಿಗೂ ಹೊಸ ಭಂಗಿ ಕೊಟ್ಟರೆ ‘ಒನ್ಸ್’. ಆರು ನಿಮಿಷಕ್ಕೆ ಟೂಸ್‌ನಲ್ಲಿ 4,320 ಫೋಟೊ, ಒನ್ಸ್‌ನಲ್ಲಿ 8,640. ಶಟರ್ ತೆರೆದಾಗ ಗೊಂಬೆ ಅಲುಗದೆ ನಿಂತಿರುವುದರಿಂದ ಫೋಟೊದಲ್ಲಿ ಚಲನೆಯ ಮಸುಕು ಇರುವುದಿಲ್ಲ. ಹೆಜ್ಜೆ ಹೆಜ್ಜೆಯೂ ಕಣ್ಣಿಗೆ ಚೂಪಾಗಿ ಬೀಳುತ್ತದೆ. ನಿಧಾನ ನಡಿಗೆಗೆ, ಯೋಚಿಸುತ್ತ ಕೂತ ಪಾತ್ರಕ್ಕೆ ಟೂಸ್ ಒಪ್ಪುತ್ತದೆ. ಓಟಕ್ಕೆ, ಎಸೆತಕ್ಕೆ ಒನ್ಸ್ ಬೇಕು. ಕ್ಯಾಮೆರಾ ಸರಿಯುವ ಶಾಟ್ ಅನ್ನು ಮಾತ್ರ ಟೂಸ್‌ನಲ್ಲಿ ತೆಗೆಯಲೇಬಾರದು, ಇಡೀ ಸೆಟ್ಟಿನ ಅಂಚುಗಳು ಕುಪ್ಪಳಿಸಿದಂತೆ ಕಾಣುತ್ತವೆ. ವಿಮರ್ಶಕರು ಕಂಡದ್ದು ಇದಾಗಿದ್ದರೆ ದೂರು ನ್ಯಾಯವೇ. ಪಾತ್ರ ತಡವರಿಸಿದ್ದಷ್ಟೇ ಆದರೆ ಅದು ನಿರ್ದೇಶಕರ ಆಯ್ಕೆ.

ಬೆರಳಚ್ಚಿನ ಮಾತೂ ಅಷ್ಟೆ. 1933ರ ‘ಕಿಂಗ್ ಕಾಂಗ್’ ನೋಡಿ: ಪ್ರತಿ ಫ್ರೇಮಿಗೂ ಗೊಂಬೆಯನ್ನು ಹಿಡಿದು ಸರಿಸಿದ ಬೆರಳುಗಳು ಮೈಯ ತುಪ್ಪಳವನ್ನು ಕದಡಿರುವುದರಿಂದ ಅದು ಉದ್ದಕ್ಕೂ ಮಿಸುಕುತ್ತಲೇ ಇರುತ್ತದೆ. ಕ್ಲೇ, ಅಂದರೆ ಮೆತ್ತನೆಯ ಜೇಡಿಯ ಗೊಂಬೆಯ ಮೈಯಲ್ಲೂ ಬೆರಳ ಗೆರೆಗಳು ಹೀಗೇ ಮಿಸುಕುತ್ತವೆ. ಅದು ಬೇಡ ಎನ್ನುವವರು ಮೈಯನ್ನು ಸಿಲಿಕೋನ್‌ನಲ್ಲಿ ಎರಕ ಹೊಯ್ಯುತ್ತಾರೆ. ಬೇಕು ಎನ್ನುವವರು ಉಳಿಸಿಕೊಳ್ಳುತ್ತಾರೆ. ಬಣ್ಣ ಕೊಳೆಯಾಗುವುದು ಬೇರೆ ವಿಷಯ. ಕೆಂಪು ಕ್ಲೇ ಮುಟ್ಟಿದ ಕೈಯಲ್ಲಿ ಬಿಳಿ ಮುಟ್ಟಿದರೆ ಮುಖ ಶಾಟ್‌ನಿಂದ ಶಾಟ್‌ಗೆ ಗುಲಾಬಿಗೆ ತಿರುಗುತ್ತದೆ. ಒದ್ದೆ ಬಟ್ಟೆ, ಬಣ್ಣಕ್ಕೊಂದು ಉಪಕರಣ ಇಟ್ಟುಕೊಂಡರೆ ತಪ್ಪಿಸಬಹುದಾದ ಅಜಾಗರೂಕತೆ ಅದು. ಅದಕ್ಕೆ ರಿಯಾಯಿತಿ ಬೇಡ.

ಹಾಗಾದರೆ ನಿಜವಾದ ದೋಷ ಎಲ್ಲಿರುತ್ತದೆ? ಮೊದಲನೆಯದು ಬೆಳಕಿನ ಮಿಣುಕು. ಡಿಜಿಟಲ್ ಕ್ಯಾಮೆರಾದ ಆಟೊಮ್ಯಾಟಿಕ್ ಲೆನ್ಸ್‌ನಲ್ಲಿ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಪ್ರತಿ ಫೋಟೊಗೂ ಮುಚ್ಚಿ ತೆರೆಯುತ್ತದೆ, ಪ್ರತಿ ಸಲವೂ ಕೂದಲೆಳೆ ವ್ಯತ್ಯಾಸದಲ್ಲಿ. ಒಂದು ಫೋಟೊದಲ್ಲಿ ಇದು ಯಾರ ಕಣ್ಣಿಗೂ ಬೀಳದು. ಸಾಲಾಗಿ ಓಡಿಸಿದಾಗ ಗೋಡೆ ಮಿಣಮಿಣ ಅನ್ನುತ್ತದೆ. ಅಪರ್ಚರ್ ಉಂಗುರವನ್ನು ಕೈಯಲ್ಲೇ ತಿರುಗಿಸುವ ಹಳೆಯ ಮ್ಯಾನ್ಯುವಲ್ ಲೆನ್ಸ್ ಹಾಕಿದರೆ ಈ ಕಾಟ ತಪ್ಪುತ್ತದೆ. ಎಕ್ಸ್‌ಪೋಷರ್, ಐಎಸ್‌ಒ, ವೈಟ್ ಬ್ಯಾಲೆನ್ಸ್, ಫೋಕಸ್ ಯಾವುದನ್ನೂ ಆಟೊದಲ್ಲಿ ಬಿಡಕೂಡದು. ಕಿಟಕಿಗೆ ಕಪ್ಪು ಬಟ್ಟೆ, ದೀಪಕ್ಕೆ ವೋಲ್ಟೇಜ್ ಸ್ಟೆಬಿಲೈಸರ್. ಗೊಂಬೆ ಸರಿಸುವವರಿಗೆ ಗಾಢ ಬಣ್ಣದ ಉಡುಪು: ಬಿಳಿ ಅಂಗಿಯಿಂದ ಪುಟಿದ ಬೆಳಕು ಸೆಟ್ಟಿನ ಮೇಲೆ ಬೀಳುತ್ತದೆ. ಕ್ಲಿಕ್ ಮಾಡುವಾಗ ಪ್ರತಿ ಸಲ ಅದೇ ಜಾಗಕ್ಕೆ ಸರಿದು ನಿಲ್ಲುವುದೂ ಇದಕ್ಕಾಗಿಯೇ.

ಎರಡನೆಯದು ಸೆಟ್ ಜರುಗುವುದು. ಟ್ರೈಪಾಡ್ ಕಾಲುಗಳನ್ನು ನೆಲಕ್ಕೆ ಹಾಟ್ ಗ್ಲೂನಿಂದ ಅಂಟಿಸುತ್ತಾರೆ, ಮೇಜನ್ನು ಬಿಗಿಯುತ್ತಾರೆ. ಆದರೂ ಶಾಟ್ ಅನ್ನು ಅರ್ಧಕ್ಕೆ ಬಿಟ್ಟು ಬೆಳಗ್ಗೆ ಬಂದರೆ ತಂಪು, ತೇವಕ್ಕೆ ಮರದ ಹಲಗೆ ಒಂದಿಷ್ಟು ಉಬ್ಬಿಯೋ ಕುಗ್ಗಿಯೋ ಇರುತ್ತದೆ. ಹಿಂದಿನ ಫ್ರೇಮನ್ನು ತೆಳುವಾಗಿ ಮೇಲೆ ತೋರಿಸುವ ಸಾಫ್ಟ್‌ವೇರ್‌ನಲ್ಲಿ ನೋಡಿ ಮತ್ತೆ ಹೊಂದಿಸಬೇಕು. ಆಗದಿದ್ದರೆ ಅಲ್ಲೇ ಕತ್ತರಿಸಿ ಇನ್ನೊಂದು ಕೋನಕ್ಕೆ ಹೋಗಬೇಕು. ಆದಷ್ಟೂ ಒಂದು ಶಾಟ್ ಒಂದೇ ಬೈಠಕ್ಕಿನಲ್ಲಿ ಮುಗಿಯಬೇಕು.

ಮೂರನೆಯದು ಪಾದ ಜಾರುವುದು, ಮೈ ತೂಕವಿಲ್ಲದೆ ತೇಲಿದಂತೆ ಕಾಣುವುದು. ಗೊಂಬೆಯೊಳಗಿನ ಅಸ್ಥಿಪಂಜರವನ್ನು ಆರ್ಮೇಚರ್ ಎನ್ನುತ್ತಾರೆ. ಉಕ್ಕಿನ ಗುಂಡು ಕೀಲಿನದ್ದಾದರೆ ಪಾದದ ಕೀಲು ಎಲ್ಲಕ್ಕಿಂತ ಬಿಗಿ, ಮಣಿಕಟ್ಟಿನದು ಸಡಿಲ; ಇಡೀ ಮೈಯ ಭಾರ ಹೊರುವುದು ಪಾದವೇ ತಾನೆ. ಅಗ್ಗದ ದಾರಿ ಎಂದರೆ ಅಲ್ಯೂಮಿನಿಯಂ ತಂತಿಯ ಎರಡು ಮೂರು ಎಳೆ ಹೊಸೆದು, ಮೂಳೆಯ ಜಾಗಕ್ಕೆ ಎಪಾಕ್ಸಿ ಪುಟ್ಟಿ ಮೆತ್ತಿ, ಮಡಚುವಲ್ಲಿ ಬರೀ ತಂತಿ ಬಿಡುವುದು. ಒಂದೇ ಕಡೆ ಮಡಚಿ ಮಡಚಿ ತಂತಿ ದಣಿದು ತುಂಡಾಗುತ್ತದೆ, ಮಣಿಕಟ್ಟು ಮೊದಲು. ಬದಲಿ ಕೈಗಳನ್ನು ಮೊದಲೇ ಮಾಡಿಡದಿದ್ದರೆ ಶಾಟ್ ಕೈಬಿಟ್ಟಂತೆಯೇ. ಪಾದದಲ್ಲಿ ನಟ್ ಹುದುಗಿಸಿ ಮೇಜಿನ ತೂತಿನಿಂದ ಕೆಳಗಡೆ ಬೋಲ್ಟ್ ಬಿಗಿದರೆ ಗೊಂಬೆ ಒಂಟಿ ಕಾಲಲ್ಲಿ ನಿಂತೀತು. ಜಿಗಿತಕ್ಕೆ ಹಿಂದಿನಿಂದ ಸರಳಿನ ಆಸರೆ ಕೊಟ್ಟು, ಗೊಂಬೆಯಿಲ್ಲದ ಖಾಲಿ ಸೆಟ್ಟಿನ ಫೋಟೊ ಬಳಸಿ ಆ ಸರಳನ್ನು ಆಮೇಲೆ ಅಳಿಸುತ್ತಾರೆ.

ಇಷ್ಟೆಲ್ಲ ಸರಿಯಿದ್ದೂ ನಟನೆ ಸತ್ತಿರಬಹುದು. ಕೈಯನ್ನು ಪ್ರತಿ ಫೋಟೊಗೂ ಒಂದೇ ಅಳತೆ ಸರಿಸಿದರೆ ಅದು ಯಂತ್ರದ ಕೈ. ಹೊರಡುವಾಗ ಒಂದು ಮಿಲಿಮೀಟರ್, ಆಮೇಲೆ ಎರಡು, ನಾಲ್ಕು, ಆರು, ನಿಲ್ಲುವ ಹೊತ್ತಿಗೆ ಮತ್ತೆ ಕಿರಿದು, ಹೀಗೆ ಹೋದಾಗ ತೂಕ ಬರುತ್ತದೆ. ಮಾತಿನ ದೃಶ್ಯದಲ್ಲಿ ದನಿ ಮೊದಲು ರೆಕಾರ್ಡ್ ಆಗಿ, ಯಾವ ಫ್ರೇಮಿಗೆ ಯಾವ ಉಚ್ಚಾರ ಎಂಬ ಪಟ್ಟಿ ತಯಾರಾಗಿರಬೇಕು. ಉಚ್ಚಾರಕ್ಕೆ ತಕ್ಕಂತೆ ಬದಲಿಸುವ ಹತ್ತು ಹನ್ನೆರಡು ಬಾಯಿಗಳು ಸಾಕು, ಆದರೆ ಪ, ಬ, ಮ ಬಂದಲ್ಲಿ ತುಟಿ ಎರಡು ಫ್ರೇಮಾದರೂ ಮುಚ್ಚಲೇಬೇಕು. ಅದೊಂದು ತಪ್ಪಿದರೆ ಪ್ರೇಕ್ಷಕರಿಗೆ ಕಾರಣ ಹೊಳೆಯದಿದ್ದರೂ ದನಿ ಬೇರೆಯವರದು ಅನ್ನಿಸುತ್ತದೆ.

ಇನ್ನು ಶ್ರಮದ ಹೊಗಳಿಕೆ. ಇಂಥ ಚಿತ್ರಗಳು ಪ್ರದರ್ಶನವಾದಲ್ಲೆಲ್ಲ ‘ಎಷ್ಟು ಫೋಟೊ, ಎಷ್ಟು ತಿಂಗಳು’ ಎಂಬ ಪ್ರಶ್ನೆಯೇ ಮುಂದೆ. ತಂಡಗಳೂ ಅದಕ್ಕೆ ಕುಮ್ಮಕ್ಕು ಕೊಡುತ್ತವೆ: ತಯಾರಿಕೆಯ ವಿಡಿಯೊ ಮೊದಲು ಹಂಚುತ್ತಾರೆ, ಚಿತ್ರ ಆಮೇಲೆ. ಪರೀಕ್ಷೆ ಬರೆದವನ ಬೆವರು ನೋಡಿ ಅಂಕ ಕೊಟ್ಟ ಹಾಗಾಯಿತು. ಕೆಟ್ಟ ಚಿತ್ರಕ್ಕೂ ಅಷ್ಟೇ ಫೋಟೊ ಬೇಕಾಗುತ್ತದೆ. ಕಥೆ ನಾಲ್ಕು ನಿಮಿಷಕ್ಕೆ ಮುಗಿದಿದ್ದರೆ ಮಿಕ್ಕ ಎರಡು ನಿಮಿಷದ, ಟೂಸ್ ಲೆಕ್ಕದಲ್ಲಿ 1,440 ಫೋಟೊಗಳನ್ನು ತಂಡ ತೆಗೆಯಲೇಬೇಕಿರಲಿಲ್ಲ ಎನ್ನುವ ಧೈರ್ಯ ವಿಮರ್ಶೆಗೆ ಇರಬೇಕು. ಈ ಚಿತ್ರದ ಕಥೆ ಎಳೆದಾಡಿದೆಯೇ ಎಂಬುದರ ಬಗ್ಗೆ ನಿಮ್ಮ ವಿಮರ್ಶೆಯಲ್ಲಿ ಒಂದು ಸಾಲೂ ಇಲ್ಲ. ಧ್ವನಿಯ ಪ್ರಸ್ತಾಪವೂ ಇಲ್ಲ. ಚಿತ್ರೀಕರಣದಲ್ಲಿ ಒಂದಿಷ್ಟೂ ಸದ್ದು ಸಿಗದ ಈ ಪ್ರಕಾರದಲ್ಲಿ ಬಟ್ಟೆಯ ಸರಸರ, ಹೆಜ್ಜೆಯ ಸಪ್ಪಳ ಪ್ರತಿಯೊಂದನ್ನೂ ಆಮೇಲೆ ಹುಟ್ಟಿಸಬೇಕು. ಅಂಗೈಯಗಲದ ಗೊಂಬೆಗೆ ಮನುಷ್ಯನ ತೂಕ ಬರುವುದು ಅರ್ಧಕ್ಕರ್ಧ ಅಲ್ಲಿಂದ.

ಕೊನೆಯದಾಗಿ ಒಂದು ಕೋರಿಕೆ. ವಿಮರ್ಶೆಯ ಕೆಳಗಿನ ಚೌಕದಲ್ಲಿ ನಿರ್ದೇಶನ, ಸಂಗೀತ, ನಿರ್ಮಾಣ ಎಂದು ಮೂರೇ ಹೆಸರು ಕೊಟ್ಟಿದ್ದೀರಿ. ಗೊಂಬೆಯನ್ನು ನಟಿಸುವಂತೆ ಮಾಡಿದ ಅನಿಮೇಟರ್ ಮತ್ತು ಗೊಂಬೆ ತಯಾರಿಸಿದವರ ಹೆಸರನ್ನೂ ಮುಂದಿನ ಬಾರಿ ಅಲ್ಲೇ ಸೇರಿಸಿ. ನಟರ ಹೆಸರಿಲ್ಲದೆ ಬೇರೆ ಯಾವ ಚಿತ್ರದ ವಿಮರ್ಶೆಯನ್ನೂ ನೀವು ಅಚ್ಚು ಮಾಡುವುದಿಲ್ಲ.

ಇತಿ,
ಗೊಂಬೆ ಅನಿಮೇಷನ್ ಬಲ್ಲ ಓದುಗ