ವೇಗದ ಓಟಕ್ಕೆ ಹಗುರವಾದ ಸ್ಟೆಬಿಲಿಟಿ ಶೂ

ಎಲ್ಲರಿಗೂ ನಮಸ್ಕಾರ. ಓಡುವಾಗ ಪಾದ ಜಾಸ್ತಿ ಒಳಗೆ ವಾಲುವವರು ನಮ್ಮ ಗುಂಪಿನಲ್ಲಿ ನಾನೂ ಸೇರಿ ನಾಲ್ಕೈದು ಜನ ಇದ್ದೇವೆ. ಹಾಗೆ ವಾಲುವ ಪಾದಕ್ಕೆ ಆಧಾರ ಕೊಡುವುದೇ ಸ್ಟೆಬಿಲಿಟಿ ಶೂ. ಈ ಸೂಚನೆ ಮುಖ್ಯವಾಗಿ ಅಂಥವರಿಗೆ.

ನಿಧಾನದ ಓಟಕ್ಕೆ ಆಸಿಕ್ಸ್ ಕಯಾನೋ ಬಹಳ ಒಳ್ಳೆಯ ಶೂ. ಆದರೆ ಗಂಡಸರ ಸೈಜಿನಲ್ಲಿ ಒಂದು ಶೂ ಸುಮಾರು 300 ಗ್ರಾಂ ತೂಗುತ್ತದೆ. ಕಂಠೀರವದ ಟ್ರ್ಯಾಕಿನಲ್ಲಿ 400 ಮೀಟರ್ ಇಂಟರ್ವಲ್ (ಜೋರಾಗಿ ಓಡಿ, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಓಡುವುದು) ಮಾಡುವಾಗ ಆ ಭಾರ ಕಾಲಿಗೆ ಗೊತ್ತಾಗುತ್ತದೆ, ಅಲ್ವಾ?

ಮೊದಲೆಲ್ಲ ಇಂಥ ಶೂಗಳ ಅಟ್ಟೆಯಲ್ಲಿ, ಪಾದದ ಒಳಬದಿಗೆ, ಗಟ್ಟಿ ಫೋಮಿನ ತುಂಡು ಕೂರಿಸುತ್ತಿದ್ದರು. ಈಗ ಬೇರೆ ದಾರಿಗಳಿವೆ. ಬ್ರೂಕ್ಸ್ ಹೈಪೀರಿಯನ್ ಜಿಟಿಎಸ್‌ನಲ್ಲಿ ಹಿಮ್ಮಡಿಯ ಎರಡೂ ಬದಿಗೆ ಗೈಡ್‌ರೇಲ್ಸ್ ಎಂಬ ಆಧಾರದ ಅಂಚುಗಳಿವೆ. ತೂಕ ಸುಮಾರು 220 ಗ್ರಾಂ ಅಷ್ಟೇ. ಟೆಂಪೋ ಓಟಕ್ಕೆ, ಅಂದರೆ ಒಂದೇ ಸಮನೆ ವೇಗವಾಗಿ ಓಡಲು, ನನ್ನ ಮೊದಲ ಆಯ್ಕೆ ಅದೇ. ಸಾಕೋನಿ ಟೆಂಪಸ್‌ನಲ್ಲಿ ಮೆತ್ತನೆ ಫೋಮಿನ ಸುತ್ತ ಗಟ್ಟಿ ಚೌಕಟ್ಟು ಇದೆ. ಸ್ವಲ್ಪ ಭಾರ, ಆದರೆ 10 ಕಿಲೋಮೀಟರ್‌ಗಿಂತ ಉದ್ದದ ಓಟಕ್ಕೆ ಕಾಲಿಗೆ ಹಿತ. ಹೋಕಾ ಅರಾಹಿ ಕೂಡ ನೋಡಬಹುದು.

ಆನ್‌ಲೈನಿನಲ್ಲಿ ರಿಯಾಯಿತಿ ಇದೆ ಅಂತ ಸುಮ್ನೆ ತರಿಸಬೇಡಿ. ಸಂಜೆ ಅಂಗಡಿಗೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಓಡುವ ಸಾಕ್ಸನ್ನೇ ಹಾಕಿ ನೋಡಿ. ಕಾಲಿನ ಹೆಬ್ಬೆರಳ ಮುಂದೆ ಕೈ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ಮೊದಲ ಎರಡು ವಾರ ಹೊಸ ಶೂನಲ್ಲಿ ಚಿಕ್ಕ ಓಟ ಮಾತ್ರ. ಮೊಣಕಾಲು ನೋವು ಈಗಾಗಲೇ ಇದ್ದರೆ ಶೂಗಿಂತ ಮೊದಲು ಫಿಸಿಯೋ ಹತ್ತಿರ ಹೋಗಿ, ದಯವಿಟ್ಟು.

ಭಾನುವಾರ ಬೆಳಗ್ಗೆ 6ಕ್ಕೆ ಕಬ್ಬನ್ ಪಾರ್ಕಿನಲ್ಲಿ ಸೇರೋಣ. ಈ ಶೂಗಳು ಇರುವವರು ತನ್ನಿ, ಸೈಜು ಹೊಂದುವವರು ಹಾಕಿ ನೋಡಲಿ. ನಿಮ್ಮ ಸೈಜು ಇಲ್ಲೇ ಬರೆಯಿರಿ.